ಕತ್ತಿನ ರಕ್ತನಾಳದ ಆಪರೇಷನ್: ಎಚ್ಚರವಿಟ್ಟೋ, ಮಲಗಿಸಿಯೋ?



ತೃಶ್ಶಿಲೇರಿ, ಕಾಟಿಕುಳಂ, ಬಾವಲಿ ಕಡೆಯ ಸದಸ್ಯರು ನಮಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಪಿಂಚಣಿಯ ವಿಷಯವೋ, ಪ್ರಮಾಣಪತ್ರದ ವಿಷಯವೋ ಇರುತ್ತದೆ. ಈ ಸಲ ತೃಶ್ಶಿಲೇರಿಯ ಮನೆಯೊಂದರಿಂದ ಬಂದ ಪ್ರಶ್ನೆ ಬೇರೆಯದು. ಮನೆಯ ಯಜಮಾನರಿಗೆ ಎಪ್ಪತ್ತು ದಾಟಿದೆ. ಒಂದು ಬೆಳಿಗ್ಗೆ ಬಲಗೈಯಲ್ಲಿದ್ದ ಕಾಫಿ ಲೋಟ ಜಾರಿ ಬಿತ್ತು, ಹತ್ತು ನಿಮಿಷ ಮಾತು ತೊದಲಿತು, ಆಮೇಲೆ ಎಲ್ಲ ಸರಿಯಾಯಿತು. ಪರೀಕ್ಷೆ ಮಾಡಿಸಿದಾಗ ಕತ್ತಿನ ಎಡಭಾಗದ ರಕ್ತನಾಳ ಬಹಳ ಕಿರಿದಾಗಿದೆ, ಆಪರೇಷನ್ ಬೇಕು ಎಂದರು. ಪೂರ್ತಿ ಅರಿವಳಿಕೆ ಕೊಟ್ಟು ಮಲಗಿಸಿಯೂ ಮಾಡಬಹುದು, ಕತ್ತು ಮಾತ್ರ ಮರಗಟ್ಟಿಸಿ ಎಚ್ಚರ ಇಟ್ಟೂ ಮಾಡಬಹುದು ಎಂದು ವೈದ್ಯರು ವಿವರಿಸಿದರಂತೆ. ಮನೆಯಲ್ಲಿ ಎರಡು ಪಕ್ಷವಾಯಿತು. ಮಗನಿಗೆ ಮಲಗಿಸಿ ಮಾಡಿದರೆ ಮಿದುಳು ಮಂದವಾದೀತೆಂಬ ಭಯ. ಸೊಸೆಗೆ, ಕತ್ತು ಕುಯ್ಯುವಾಗ ಮಾವ ಎಚ್ಚರವಾಗಿದ್ದರೆ ಹೆದರಿಯೇ ಏನಾದರೂ ಆದೀತೆಂಬ ಭಯ.

ನಾವು ವೈದ್ಯರಲ್ಲ, ಗುಮಾಸ್ತಿಕೆಯಲ್ಲಿ ಕೂದಲು ನೆರೆಸಿಕೊಂಡವರು. ಆದರೆ ಕಡತ ಓದಿ ಸಾರಾಂಶ ಬರೆಯುವುದು ನಮ್ಮ ಹಳೆಯ ಕಸುಬು. ಈ ವಿಷಯದಲ್ಲಿ ಓದಲು ಒಳ್ಳೆಯ ಕಡತವೇ ಇದೆ. ತಿಳಿದವರನ್ನು ಕೇಳಿ, ಪ್ರಕಟವಾದ ಅಧ್ಯಯನಗಳನ್ನು ಓದಿ ಇದನ್ನು ಬರೆದಿದ್ದೇವೆ. ಇದು ವೈದ್ಯರ ಮಾತಿಗೆ ಬದಲಿಯಲ್ಲ. ವೈದ್ಯರ ಮುಂದೆ ಕುಳಿತಾಗ ಏನು ಕೇಳಬೇಕೆಂದು ತಿಳಿದಿದ್ದರೆ ಸಾಕು ಎಂಬ ಉದ್ದೇಶ.

ಮೊದಲು ರೋಗದ ವಿಷಯ. ಎದೆಯಿಂದ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳಗಳು ಕತ್ತಿನ ಎರಡೂ ಪಕ್ಕದಲ್ಲಿ ಇವೆ. ಇವುಗಳಿಗೆ ಕರೋಟಿಡ್ ಎಂದು ಹೆಸರು. ಗಂಟಲ ಗಡ್ಡೆಯ ಮಟ್ಟಕ್ಕೆ ಬಂದಾಗ ಒಂದೊಂದೂ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ಮುಖಕ್ಕೆ, ಇನ್ನೊಂದು ಮಿದುಳಿಗೆ. ತೋಟದ ಪೈಪಿನಲ್ಲಿ ಕಸ ಕಟ್ಟುವುದು ಕವಲಿನ ಹತ್ತಿರವೇ ಅಲ್ಲವೇ? ಇಲ್ಲಿಯೂ ಹಾಗೆ. ಬೀಡಿ ಸಿಗರೇಟು, ಬಿ.ಪಿ., ಸಕ್ಕರೆ ಕಾಯಿಲೆ, ಕೊಬ್ಬು, ವಯಸ್ಸು ಎಲ್ಲ ಸೇರಿ ಆ ಕವಲಿನ ಒಳಗೋಡೆಯಲ್ಲಿ ಕೊಬ್ಬು ಮತ್ತು ಸುಣ್ಣದ ಪದರ ಬೆಳೆಸುತ್ತವೆ. ನಾಳ ಕಿರಿದಾಗುವುದು ಅಪಾಯದ ಒಂದು ಮುಖ. ಆ ಪದರದಿಂದ ಒಂದು ಚೂರು ಅಥವಾ ಅದರ ಮೇಲೆ ಹೆಪ್ಪುಗಟ್ಟಿದ ರಕ್ತ ಕಿತ್ತು ಮೇಲೆ ಹೋಗಿ ಮಿದುಳಿನ ಸಣ್ಣ ನಾಳದಲ್ಲಿ ಸಿಕ್ಕಿಕೊಳ್ಳುವುದು ಅದಕ್ಕಿಂತ ದೊಡ್ಡ ಅಪಾಯ. ಲೋಟ ಜಾರಿದ್ದು, ಮಾತು ತೊದಲಿದ್ದು, ಕೆಲವರಿಗೆ ಒಂದೇ ಕಣ್ಣಿಗೆ ಪರದೆ ಇಳಿದಂತಾಗಿ ಮತ್ತೆ ತೆರೆದುಕೊಳ್ಳುವುದು, ಎಲ್ಲ ಇದರ ಮುನ್ಸೂಚನೆ. ತಾನಾಗಿ ಸರಿಹೋಯಿತೆಂದು ಸುಮ್ಮನಿರುವಂತಿಲ್ಲ. ದೊಡ್ಡ ಲಕ್ವ ಹೊಡೆಯುವ ಸಂಭವ ಮುಂದಿನ ಕೆಲವೇ ದಿನಗಳಲ್ಲಿ ಅತಿ ಹೆಚ್ಚು.

ಲಕ್ವ ಹೊಡೆದವರಿಗೆಲ್ಲ ಈ ಆಪರೇಷನ್ ಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇವೆ. ನಮ್ಮ ದೇಶದವರಲ್ಲಿ ತಲೆಬುರುಡೆಯ ಒಳಗಿನ ನಾಳಗಳೇ ಕಿರಿದಾಗುವುದು ಹೆಚ್ಚಾಗಿ ಕಾಣುತ್ತದೆ, ಅದಕ್ಕೆ ಕತ್ತಿನ ಆಪರೇಷನ್ನಿಂದ ಪ್ರಯೋಜನವಿಲ್ಲ. ಹೃದಯದಿಂದ ಬರುವ ಹೆಪ್ಪಿಗೂ ಬೇರೆ ಚಿಕಿತ್ಸೆ. ಕತ್ತಿನ ನಾಳ ನೂರಕ್ಕೆ ಎಪ್ಪತ್ತು ಭಾಗಕ್ಕಿಂತ ಹೆಚ್ಚು ಕಿರಿದಾಗಿ, ಅದೇ ಪಕ್ಕದ ಮಿದುಳಿನಿಂದ ಲಕ್ಷಣ ಕಂಡವರಿಗೆ ಮಾತ್ರ ಇದರ ಲಾಭ ಸ್ಪಷ್ಟ. ಉತ್ತರ ಅಮೆರಿಕದಲ್ಲಿ ನಡೆದು 1991ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಇಂಥವರು ಬರೀ ಮಾತ್ರೆ ತೆಗೆದುಕೊಂಡಾಗ ಎರಡು ವರ್ಷದೊಳಗೆ ಅದೇ ಪಕ್ಕದ ಲಕ್ವ ನೂರಕ್ಕೆ 26 ಜನಕ್ಕೆ ಬಂತು. ಆಪರೇಷನ್ ಆದವರಲ್ಲಿ 9 ಜನಕ್ಕೆ. ಈ ಲಾಭ ಸಿಗಬೇಕಾದರೆ ಲಕ್ಷಣ ಕಂಡ ಎರಡು ವಾರದೊಳಗೆ ಆಪರೇಷನ್ ಆಗುವುದು ಒಳ್ಳೆಯದು. ತಿಂಗಳುಗಟ್ಟಲೆ ತಡ ಮಾಡಿದರೆ ಲಾಭ ಕರಗುತ್ತದೆ. ಯಾವ ಅರಿವಳಿಕೆ ಎಂದು ಮನೆಯಲ್ಲಿ ಚರ್ಚಿಸುತ್ತ ಹದಿನೈದು ದಿನ ಕಳೆದರೆ, ಆ ಹದಿನೈದು ದಿನವೇ ಅರಿವಳಿಕೆಗಿಂತ ದೊಡ್ಡ ಅಪಾಯ. ಮಗ-ಸೊಸೆ ಇಬ್ಬರಿಗೂ ನಾವು ಮೊದಲು ಹೇಳಿದ್ದು ಇದನ್ನೇ.

ಈಗ ಆಪರೇಷನ್ ಕೋಣೆಯ ಒಳಗೆ ಏನಾಗುತ್ತದೆ ನೋಡೋಣ. ಕತ್ತಿನ ಪಕ್ಕದಲ್ಲಿ ಕುಯ್ದು, ನಾಳವನ್ನು ಬಿಡಿಸಿ, ಮೇಲೆ ಕೆಳಗೆ ಕ್ಲಾಂಪ್ ಹಾಕಿ ರಕ್ತ ನಿಲ್ಲಿಸುತ್ತಾರೆ. ನಾಳ ತೆರೆದು ಪದರವನ್ನು ಸುಲಿದು ತೆಗೆದು ಮತ್ತೆ ಹೊಲಿಯುತ್ತಾರೆ. ಸಾಮಾನ್ಯವಾಗಿ ಒಂದು ತುಂಡು ಪಟ್ಟಿ ಸೇರಿಸಿ ನಾಳವನ್ನು ಅಗಲ ಮಾಡುತ್ತಾರೆ. ಕ್ಲಾಂಪ್ ಇರುವ ಆ ಅರ್ಧ ಗಂಟೆ ಆಸುಪಾಸಿನ ಸಮಯದಲ್ಲಿ ಆ ಪಕ್ಕದ ಮಿದುಳಿಗೆ ರಕ್ತ ಎಲ್ಲಿಂದ? ಮಿದುಳಿನ ತಳದಲ್ಲಿ ನಾಳಗಳು ಒಂದಕ್ಕೊಂದು ಸೇರಿ ಬಳೆಯಂತೆ ಇವೆ. 1664ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯರು ಅದನ್ನು ವಿವರಿಸಿದ್ದರಿಂದ ಅದಕ್ಕೆ ವಿಲಿಸನ ವೃತ್ತ ಎಂದೇ ಹೆಸರು. ಒಂದು ಕಾಲುವೆ ಕಟ್ಟಿದರೆ ಇನ್ನೊಂದರಿಂದ ನೀರು ಬರುವ ಹಾಗೆ ಈ ಬಳೆ ರಕ್ತ ಹಂಚುತ್ತದೆ. ಆದರೆ ಎಲ್ಲರ ಬಳೆಯೂ ಪೂರ್ತಿ ಇರುವುದಿಲ್ಲ. ಕೆಲವರಲ್ಲಿ ಒಂದೆರಡು ಕೊಂಡಿ ದಾರದಷ್ಟು ಸಣ್ಣ. ಮಿದುಳಿನ ತೂಕ ದೇಹದ ತೂಕದ ನೂರಕ್ಕೆ ಎರಡೇ ಭಾಗ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲು ಅದಕ್ಕೇ ಬೇಕು. ಹಾಗಾಗಿ ಕ್ಲಾಂಪ್ ಹಾಕಿದ ಕೂಡಲೇ ಮಿದುಳು ತಾಳಿಕೊಳ್ಳುತ್ತಿದೆಯೇ ಇಲ್ಲವೇ ಎಂದು ತಿಳಿಯಲೇಬೇಕು. ತಾಳದಿದ್ದರೆ ಶಂಟ್ ಎಂಬ ಸಣ್ಣ ಕೊಳವೆಯನ್ನು ನಾಳದೊಳಗೆ ಇಟ್ಟು, ಆಪರೇಷನ್ ನಡೆಯುತ್ತಿರುವಾಗಲೇ ರಕ್ತ ಹಾಯಿಸುತ್ತಾರೆ. ಶಂಟ್ ಹಾಕುವುದೂ ಪುಕ್ಕಟೆಯಲ್ಲ. ಕೊಳವೆ ತೂರಿಸುವಾಗ ಚೂರು ಕಿತ್ತು ಮೇಲೆ ಹೋಗಬಹುದು. ಬೇಕಾದವರಿಗೆ ಮಾತ್ರ ಹಾಕಿದರೆ ಒಳ್ಳೆಯದು.

ಅರಿವಳಿಕೆಯ ಆಯ್ಕೆ ಮುಖ್ಯವಾಗುವುದು ಈ ಹಂತದಲ್ಲಿ. ಕತ್ತು ಮಾತ್ರ ಮರಗಟ್ಟಿಸುವ ವಿಧಾನದಲ್ಲಿ ಕತ್ತಿನ ಮೇಲ್ಭಾಗದ ನರಗಳ ಸುತ್ತ ಇಂಜೆಕ್ಷನ್ ಕೊಡುತ್ತಾರೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಎಡಗಡೆಯ ಆಪರೇಷನ್ ಆದರೆ ಬಲಗೈಯಲ್ಲಿ, ಬಲಗಡೆಯದಾದರೆ ಎಡಗೈಯಲ್ಲಿ ಹಿಂಡಿದರೆ ಸದ್ದು ಮಾಡುವ ಮಕ್ಕಳ ಆಟಿಕೆಯನ್ನು ಇಟ್ಟಿರುತ್ತಾರೆ. ಓದಿದಾಗ ನಮಗೆ ನಗು ಬಂತು, ಆದರೆ ಕೆಲಸ ಮಾಡುವ ಉಪಾಯವದು. ಕ್ಲಾಂಪ್ ಹಾಕಿ ಎರಡು ಮೂರು ನಿಮಿಷ ಕಾಯುತ್ತಾರೆ. ಹಿಂಡಿ ಎಂದರೆ ಹಿಂಡುತ್ತಾರೆಯೇ, ಎಣಿಸಿ ಎಂದರೆ ಎಣಿಸುತ್ತಾರೆಯೇ, ಮಾತು ತಡವರಿಸುತ್ತದೆಯೇ? ಕೈ ಸೋತರೆ, ಮಾತು ನಿಂತರೆ, ಒಮ್ಮೆಗೇ ಗಲಿಬಿಲಿಗೊಂಡರೆ ತಕ್ಷಣ ಶಂಟ್. ಮಿದುಳನ್ನು ಮಿದುಳಿನಿಂದಲೇ ಕೇಳಿ ತಿಳಿಯುವ ವಿಧಾನ ಇದು, ಯಂತ್ರದ ಮಧ್ಯಸ್ಥಿಕೆ ಇಲ್ಲ. ಎಚ್ಚರವಾಗಿರುವವರ ರಕ್ತದೊತ್ತಡವೂ ಸಾಮಾನ್ಯವಾಗಿ ತಾನಾಗಿ ಸ್ವಲ್ಪ ಏರಿ, ಇನ್ನೊಂದು ದಾರಿಯಿಂದ ರಕ್ತ ತಳ್ಳುತ್ತದೆ.

ಇದರ ಕಷ್ಟಗಳೂ ಇವೆ. ಒಂದೂವರೆ ಎರಡು ಗಂಟೆ ಕತ್ತು ತಿರುಗಿಸಿಕೊಂಡು ಅಲ್ಲಾಡದೆ ಮಲಗಬೇಕು. ಮುಖದ ಮೇಲೆ, ಪಕ್ಕದಲ್ಲಿ ಬಟ್ಟೆ ಹೊದಿಸಿರುತ್ತಾರೆ. ಕೆಲವರಿಗೆ ಉಸಿರು ಕಟ್ಟಿದಂತಾಗುತ್ತದೆ. ದವಡೆಯ ಕಡೆ ಎಳೆದಾಗ ನೋವು ಬರಬಹುದು, ಆಗ ಇನ್ನಷ್ಟು ಮದ್ದು ಸೇರಿಸುತ್ತಾರೆ. ನಡುವೆಯೇ ಪೂರ್ತಿ ಮಲಗಿಸಬೇಕಾಗಿ ಬರುವುದೂ ಉಂಟು. ವಿಪರೀತ ಕೆಮ್ಮು ಇರುವವರು, ಬೆನ್ನು ನೋವಿನಿಂದ ಮಲಗಲಾರದವರು, ಕಿವಿ ಕೇಳದವರು, ಮರೆವಿನ ಕಾಯಿಲೆಯವರು ಇದಕ್ಕೆ ಒಗ್ಗುವುದು ಕಷ್ಟ. ಆಳವಾದ ಇಂಜೆಕ್ಷನ್ನಿನಿಂದ ಉಸಿರಾಟದ ಪರದೆಯ ನರ ಕೆಲ ಗಂಟೆ ಸೋಲಬಹುದಾದ್ದರಿಂದ ಶ್ವಾಸಕೋಶ ಮೊದಲೇ ಹಾಳಾದವರಲ್ಲಿ ಎಚ್ಚರ ಬೇಕು.

ಪೂರ್ತಿ ಮಲಗಿಸಿದರೆ ರೋಗಿ ಅಲ್ಲಾಡುವುದಿಲ್ಲ, ಉಸಿರಾಟ ಕೊಳವೆಯ ಮೂಲಕ ವೈದ್ಯರ ಕೈಯಲ್ಲಿರುತ್ತದೆ. ಅರಿವಳಿಕೆಯ ಮದ್ದಿನಿಂದ ಮಿದುಳಿನ ಕೆಲಸ ನಿಧಾನವಾಗಿ ಅದಕ್ಕೆ ಬೇಕಾದ ಆಮ್ಲಜನಕವೂ ಕಡಿಮೆಯಾಗುತ್ತದೆ, ಇದೊಂದು ಲಾಭ. ಆದರೆ ಅದೇ ಮದ್ದು ರಕ್ತದೊತ್ತಡವನ್ನು ಇಳಿಸುತ್ತದೆ; ಕ್ಲಾಂಪ್ ಇದ್ದಾಗ ಅದು ಇಳಿಯಲೇಬಾರದು. ಆದ್ದರಿಂದ ಬೇರೆ ಮದ್ದಿನಿಂದ ಅದನ್ನು ರೋಗಿಯ ಎಂದಿನ ಮಟ್ಟದಲ್ಲಿ ಅಥವಾ ತುಸು ಮೇಲೆ ಹಿಡಿದಿಡುತ್ತಾರೆ. ಇನ್ನು ಮಿದುಳನ್ನು ಕೇಳುವುದು ಹೇಗೆ? ಅದಕ್ಕೆ ಯಂತ್ರಗಳು. ಮಿದುಳಿನ ವಿದ್ಯುತ್ ಅಲೆ ನೋಡುವ ಇಇಜಿ, ನಾಳದಲ್ಲಿ ರಕ್ತದ ವೇಗ ನೋಡುವ ಡಾಪ್ಲರ್, ಹಣೆಗೆ ಅಂಟಿಸಿ ಆಮ್ಲಜನಕ ಅಳೆಯುವ ಪಟ್ಟಿ, ಕ್ಲಾಂಪಿನ ಮೇಲೆ ಉಳಿದಿರುವ ಒತ್ತಡ ಅಳೆಯುವುದು. ಒಂದೊಂದಕ್ಕೂ ಒಂದೊಂದು ಕೊರತೆ ಇದೆ. ಯಾವುದೂ ಎಚ್ಚರವಾಗಿರುವ ಮನುಷ್ಯನ ಉತ್ತರಕ್ಕೆ ಸಮವಲ್ಲ. ಸಂಶಯ ಬಂದಾಗಲೆಲ್ಲ ಶಂಟ್ ಹಾಕುವುದರಿಂದ ಮಲಗಿಸಿ ಮಾಡುವಾಗ ಶಂಟ್ ಬಳಕೆ ಹೆಚ್ಚು.

ಇಷ್ಟು ಓದಿದ ಯಾರಾದರೂ ಎಚ್ಚರವಿಟ್ಟು ಮಾಡುವುದೇ ಮೇಲು ಎನ್ನುತ್ತಾರೆ. ವೈದ್ಯರೂ ಬಹುಕಾಲ ಹಾಗೇ ಭಾವಿಸಿದ್ದರು. ಹಳೆಯ ಸಣ್ಣ ಅಧ್ಯಯನಗಳೂ ಅದನ್ನೇ ಸೂಚಿಸುತ್ತಿದ್ದವು. ಆದರೆ ಅವುಗಳಲ್ಲಿ ಬಹುಪಾಲು ಆಸ್ಪತ್ರೆಯ ಹಳೆಯ ದಾಖಲೆ ತೆಗೆದು ಹೋಲಿಸಿದ್ದು. ಗಟ್ಟಿಮುಟ್ಟಾದವರನ್ನು ಒಂದು ವಿಧಾನಕ್ಕೆ, ಸೋತವರನ್ನು ಇನ್ನೊಂದಕ್ಕೆ ಆರಿಸಿದ್ದರೆ ಹೋಲಿಕೆ ಹೇಗೆ ಸರಿಯಾದೀತು? ಅದಕ್ಕಾಗಿ ಗಾಲಾ ಎಂಬ ದೊಡ್ಡ ಅಧ್ಯಯನ ಮಾಡಿದರು. 1999ರ ಜೂನಿನಿಂದ 2007ರ ಅಕ್ಟೋಬರ್‌ವರೆಗೆ, 24 ದೇಶಗಳ 95 ಆಸ್ಪತ್ರೆಗಳಲ್ಲಿ 3526 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು.

ಅಂಕಿಗಳನ್ನು ಪೂರ್ತಿ ಕೊಡುತ್ತೇವೆ, ಲೆಕ್ಕ ನೋಡುವ ಅಭ್ಯಾಸ ಬಿಟ್ಟುಹೋಗಿಲ್ಲ. ಮಲಗಿಸಿ ಮಾಡುವ ಗುಂಪಿನ 1753 ಜನರಲ್ಲಿ 84 ಮಂದಿಗೆ ಮೂವತ್ತು ದಿನದೊಳಗೆ ಲಕ್ವ, ಹೃದಯಾಘಾತ ಅಥವಾ ಮರಣ ಸಂಭವಿಸಿತು, ನೂರಕ್ಕೆ 4.8. ಎಚ್ಚರವಿಟ್ಟು ಮಾಡುವ ಗುಂಪಿನ 1773 ಜನರಲ್ಲಿ 80 ಮಂದಿಗೆ, ನೂರಕ್ಕೆ 4.5. ಸಾವಿರ ಜನಕ್ಕೆ ಮೂರರ ವ್ಯತ್ಯಾಸ. ಅದೂ ಖಚಿತವಲ್ಲ. ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ನಿಜವಾದ ವ್ಯತ್ಯಾಸ ಸಾವಿರಕ್ಕೆ ಹದಿನೇಳು ಜನರಿಗೆ ಲಾಭವೂ ಇರಬಹುದು, ಹನ್ನೊಂದು ಜನರಿಗೆ ನಷ್ಟವೂ ಇರಬಹುದು. ಅಂದರೆ ತಕ್ಕಡಿ ಯಾವ ಕಡೆಗೂ ವಾಲಲಿಲ್ಲ. ಶಂಟ್ ಬಳಕೆಯಲ್ಲಿ ಮಾತ್ರ ಎದ್ದು ಕಾಣುವ ವ್ಯತ್ಯಾಸ: ಮಲಗಿಸಿದವರಲ್ಲಿ ನೂರಕ್ಕೆ 43, ಎಚ್ಚರವಿದ್ದವರಲ್ಲಿ 14. ಮುಂದೆ ಕಾಕ್ರೇನ್ ಸಂಸ್ಥೆಯವರು ಇಂಥ ಎಲ್ಲ ಅಧ್ಯಯನಗಳನ್ನು ಕೂಡಿಸಿ ಹಲವು ಬಾರಿ ಪರಿಶೀಲಿಸಿದಾಗಲೂ ಲಕ್ವದ ಮಟ್ಟಿಗೆ ಸ್ಪಷ್ಟ ವ್ಯತ್ಯಾಸ ಸಿಗಲಿಲ್ಲ.

ಶಂಟ್ ಅಷ್ಟು ಕಡಿಮೆಯಾದರೂ ಲಕ್ವ ಯಾಕೆ ಕಡಿಮೆಯಾಗಲಿಲ್ಲ? ಈ ಪ್ರಶ್ನೆ ನಮ್ಮನ್ನು ಎರಡು ದಿನ ಕಾಡಿತು. ಉತ್ತರ ಸರಳ. ಈ ಆಪರೇಷನ್ನಿನ ಸುತ್ತಮುತ್ತ ಬರುವ ಲಕ್ವಗಳಲ್ಲಿ ಹೆಚ್ಚಿನವು ಕ್ಲಾಂಪಿನಿಂದ ರಕ್ತ ಸಾಲದೆ ಬರುವುದಲ್ಲ. ನಾಳ ಬಿಡಿಸುವಾಗ ಕಿತ್ತು ಹೋದ ಚೂರಿನಿಂದ, ಹೊಲಿದ ಜಾಗದಲ್ಲಿ ಆಮೇಲೆ ಕಟ್ಟಿದ ಹೆಪ್ಪಿನಿಂದ, ಕೆಲವು ಸಲ ರಕ್ತದೊತ್ತಡದ ಏರಿಳಿತದಿಂದ ಬರುವುವು. ಎಷ್ಟೋ ಲಕ್ವ ಬರುವುದು ರೋಗಿ ಕೋಣೆಯಿಂದ ಹೊರಬಂದ ಮೇಲೆ. ಅರಿವಳಿಕೆಯ ಆಯ್ಕೆ ಕಾಯುವುದು ಕ್ಲಾಂಪಿನ ಅರ್ಧ ಗಂಟೆಯನ್ನು. ಕಳ್ಳ ಬರುವ ಬೇರೆ ಬಾಗಿಲುಗಳು ತೆರೆದೇ ಇವೆ. ಇನ್ನೊಂದು ಕಡೆಯ ಕರೋಟಿಡ್ ಪೂರ್ತಿ ಮುಚ್ಚಿಹೋಗಿರುವವರಲ್ಲಿ, ಅಂದರೆ ಬದಲಿ ದಾರಿ ಬಡವಾಗಿರುವವರಲ್ಲಿ, ಎಚ್ಚರವಿಟ್ಟು ಮಾಡಿದರೆ ಲಾಭವಿರಬಹುದೆಂಬ ಸುಳಿವು ಗಾಲಾದಲ್ಲಿ ಕಂಡಿತು. ಆ ಗುಂಪು ಸಣ್ಣದಾದ್ದರಿಂದ ಅದು ಸುಳಿವಾಗಿಯೇ ಉಳಿದಿದೆ. ನಿಮ್ಮ ಸ್ಕ್ಯಾನ್ ವರದಿಯಲ್ಲಿ ಎರಡೂ ಕಡೆಯ ವಿವರ ಇರುತ್ತದೆ. ಇದನ್ನು ವೈದ್ಯರಲ್ಲಿ ಕೇಳಬಹುದು.

ಮಗನ ಭಯದ ವಿಷಯ ಬಾಕಿ ಇದೆ, ಮಲಗಿಸಿದರೆ ಮಿದುಳು ಮಂದವಾಗುತ್ತದೆಯೇ ಎಂಬುದು. ವಯಸ್ಸಾದವರಿಗೆ ಯಾವುದೇ ದೊಡ್ಡ ಆಪರೇಷನ್ ಆದ ಮೇಲೆ ಒಂದೆರಡು ದಿನ ಗಲಿಬಿಲಿ, ಹಗಲು ರಾತ್ರಿ ತಿಳಿಯದಿರುವುದು, ಇಲ್ಲದ್ದು ಕಂಡಂತಾಗುವುದು ಉಂಟು. ಇದಕ್ಕೆ ಅರಿವಳಿಕೆಯೊಂದೇ ಕಾರಣವಲ್ಲ. ನೋವು, ನಿದ್ರೆಗೆಟ್ಟಿದ್ದು, ಸೋಂಕು, ನಿದ್ರೆ ಮಾತ್ರೆಗಳು, ಕನ್ನಡಕ ಮತ್ತು ಕಿವಿಯ ಯಂತ್ರ ಕೊಡದಿದ್ದುದು, ಎಲ್ಲ ಸೇರಿ ಆಗುವುದು. ಕತ್ತು ಮರಗಟ್ಟಿಸಿ ಮಾಡುವಾಗಲೂ ಹೆದರಿಕೆ ತಗ್ಗಿಸಲು ನಿದ್ರೆಯ ಮದ್ದನ್ನು ಹೆಚ್ಚು ಕೊಟ್ಟರೆ ಗಲಿಬಿಲಿ ಬರಬಹುದು, ಎಚ್ಚರವಿಡುವ ಉದ್ದೇಶವೂ ಕೆಡುತ್ತದೆ. ಮಲಗಿಸಿ ಮಾಡುವುದಾದರೆ ಇಂದು ಬೇಗ ಇಳಿಯುವ ಮದ್ದುಗಳಿವೆ. ಹೊಲಿಗೆ ಮುಗಿದ ಕೆಲವೇ ನಿಮಿಷದಲ್ಲಿ ಎಬ್ಬಿಸಿ, ಮೇಜಿನ ಮೇಲೆಯೇ ಕೈ ಎತ್ತಿಸಿ, ಮಾತಾಡಿಸಿ ನೋಡುತ್ತಾರೆ. ಇದು ಶೋಕಿಗಲ್ಲ. ಹೊಲಿದ ಜಾಗದಲ್ಲಿ ಹೆಪ್ಪುಗಟ್ಟಿ ಲಕ್ವ ಶುರುವಾಗಿದ್ದರೆ ಆಗಲೇ ತಿಳಿದರೆ ಮತ್ತೆ ತೆರೆದು ತೆಗೆಯಬಹುದು. ಮೂರು ಗಂಟೆ ಮಂಪರಿನಲ್ಲಿ ಮಲಗಿದ್ದರೆ ಆ ಅವಕಾಶ ಹೋಗುತ್ತದೆ. ಆದ್ದರಿಂದ ವೈದ್ಯರನ್ನು ಕೇಳಬೇಕಾದ ಒಳ್ಳೆಯ ಪ್ರಶ್ನೆ, ಯಾವ ಅರಿವಳಿಕೆ ಎನ್ನುವುದಕ್ಕಿಂತ, ಎಷ್ಟು ಬೇಗ ಎಬ್ಬಿಸಿ ಪರೀಕ್ಷಿಸುತ್ತೀರಿ ಎಂಬುದು. ಇನ್ನೊಂದು, ನಿಮ್ಮ ತಂಡಕ್ಕೆ ಯಾವುದು ರೂಢಿ ಎಂಬುದು. ವಾರಕ್ಕೊಮ್ಮೆ ಮಾಡುವ ಕೆಲಸವನ್ನು ಕೈ ತಾನೇ ಮಾಡುತ್ತದೆ. ವರ್ಷಕ್ಕೊಮ್ಮೆ ಮಾಡುವುದನ್ನು ಪುಸ್ತಕ ನೋಡಿ ಮಾಡಬೇಕಾಗುತ್ತದೆ, ನಮ್ಮ ಕಚೇರಿಯಲ್ಲೂ ಹಾಗೇ ಇತ್ತು.

ಈಗ ನಮ್ಮಂಥ ಗಡಿಯವರಿಗೆ ಸೇರಿದ ಮಾತು.

ಎಚ್ಚರವಿಟ್ಟು ಮಾಡಲಿ, ಮಲಗಿಸಿ ಎಬ್ಬಿಸಲಿ, ಮಿದುಳಿನ ಪರೀಕ್ಷೆ ನಡೆಯುವುದು ಮಾತಿನ ಮೂಲಕ. ಯಾವ ಭಾಷೆಯ ಮಾತು? ನಮ್ಮಲ್ಲಿ ಅನೇಕರು ಹೊರಗೆ ಮಲಯಾಳಂ ಸರಾಗವಾಗಿ ಆಡುತ್ತಾರೆ. ಪೇಟೆ, ಪಂಚಾಯಿತಿ, ಬಸ್ಸು ಎಲ್ಲ ಅದರಲ್ಲೇ. ಮನೆಯಲ್ಲಿ ಕನ್ನಡ. ಹೆಂಗಸರಲ್ಲಿ, ಹಿರಿಯರಲ್ಲಿ ಮಲಯಾಳಂ ಕೇಳಿದರೆ ತಿಳಿಯುತ್ತದೆ, ಆಡಲು ಬಾರದು ಎನ್ನುವವರೂ ಇದ್ದಾರೆ. ಮಂಪರಿನಲ್ಲಿ, ಹೆದರಿಕೆಯಲ್ಲಿ ನಾಲಗೆಗೆ ಬರುವುದು ಮನೆಯ ಮಾತು. ಎರಡು ಮೂರು ಭಾಷೆ ಬಲ್ಲವರಿಗೆ ಲಕ್ವ ಹೊಡೆದಾಗ ಭಾಷೆಗಳು ಒಂದೇ ಸಮನಾಗಿ ಹೋಗುವುದೂ ಇಲ್ಲ, ಒಂದೇ ಸಮನಾಗಿ ಮರಳುವುದೂ ಇಲ್ಲ. ಫ್ರಾನ್ಸಿನ ವೈದ್ಯ ಪಿತ್ರ್ ಎಂಬವರು 1895ರಲ್ಲೇ ಇಂಥ ರೋಗಿಗಳನ್ನು ಗಮನಿಸಿ, ರೋಗಿಗೆ ಅತಿ ಹೆಚ್ಚು ಬಳಕೆಯಲ್ಲಿದ್ದ ಭಾಷೆ ಸಾಮಾನ್ಯವಾಗಿ ಮೊದಲು ಮರಳುತ್ತದೆ ಎಂದು ಬರೆದರು. ಎಲ್ಲರಲ್ಲೂ ಹಾಗೆ ಆಗುವುದಿಲ್ಲವೆಂದು ಆಮೇಲೆ ಕಂಡುಬಂದಿದೆ. ನಮಗೆ ಬೇಕಾದ್ದು ಇಷ್ಟು: ಮಲಯಾಳದಲ್ಲಿ ಕೇಳಿದ್ದಕ್ಕೆ ಉತ್ತರ ಬರಲಿಲ್ಲವೆಂದರೆ ಲಕ್ವವೇ ಆಗಿರಬೇಕಿಲ್ಲ. ಹಾಗೆಯೇ, ಭಾಷೆ ತಿಳಿಯದೆ ಸುಮ್ಮನಿದ್ದಾರೆ ಎಂದು ದಾದಿಯರು ಅಂದುಕೊಂಡಾಗ ನಿಜವಾಗಿ ಮಾತೇ ಹೋಗಿರಬಹುದು. ಎರಡನೆಯದು ಹೆಚ್ಚು ಅಪಾಯ. ಮೈಸೂರು, ಮಂಗಳೂರಿಗೆ ಹೋಗುವ ನಮ್ಮ ಮಲಯಾಳಿ ನೆರೆಯವರಿಗೂ ಇದೇ ತೊಂದರೆ ತಿರುವುಮುರುವಾಗಿ.

ಒಂದು ಪದದ ಉದಾಹರಣೆ ಕೊಡುತ್ತೇವೆ. ಮಲಯಾಳದಲ್ಲಿ ಮರವಿಪ್ಪ್ ಎಂದರೆ ಜೋಮು, ಮರಗಟ್ಟಿರುವುದು. ಕೈಯಲ್ಲಿ ಮರವಿಪ್ಪ್ ಉಂಡೋ ಎಂದು ಕೇಳಿದರೆ ಕನ್ನಡದ ಕಿವಿಗೆ ಅದು ಮರೆವು ಎಂದು ಕೇಳುತ್ತದೆ. ನಮ್ಮ ಪರಿಚಯದ ಹಿರಿಯರೊಬ್ಬರು ಹೀಗೇ ಕೇಳಿಸಿಕೊಂಡು, ಇಲ್ಲಪ್ಪ, ನೆನಪು ಚೆನ್ನಾಗಿದೆ, ಎಂದು ಉತ್ತರಿಸಿದರಂತೆ. ಕೈ ಜೋಮು ಹಿಡಿದಿದ್ದು ವರದಿಗೆ ಬಂದದ್ದು ಮಗಳು ಒಳಗೆ ಹೋದ ಮೇಲೆ. ಬೋಧಂ ಎಂದರೆ ಅವರಿಗೆ ಪ್ರಜ್ಞೆ, ನಮಗೆ ಪಾಠ. ಭಾಷೆಗಳು ಅಕ್ಕತಂಗಿಯರಾದ್ದರಿಂದಲೇ ಇಂಥ ಎಡವಟ್ಟು. ದೂರದ ಭಾಷೆಯಾಗಿದ್ದರೆ ತಿಳಿಯಲಿಲ್ಲ ಎಂದಾದರೂ ಹೇಳುತ್ತಿದ್ದರು.

ಆದ್ದರಿಂದ ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರು ನೋಡಲು ಬಂದಾಗ ರೋಗಿಯ ಮನೆಮಾತು ಕನ್ನಡ ಎಂದು ಕೇಸ್ ಶೀಟಿನಲ್ಲಿ ಬರೆಸಿ. ಬಾಯಲ್ಲಿ ಹೇಳಿದ್ದು ಪಾಳಿ ಬದಲಾದಾಗ ಹೋಗುತ್ತದೆ, ಬರೆದದ್ದು ಇರುತ್ತದೆ. ಆಪರೇಷನ್ನಿಗೆ ಮೊದಲೇ ರೋಗಿ ಹೇಗೆ ಮಾತಾಡುತ್ತಾರೆ, ಎಷ್ಟು ಬೇಗ ಎಣಿಸುತ್ತಾರೆ, ಯಾವ ಕೈ ಮೊದಲೇ ಸ್ವಲ್ಪ ಸೋತಿದೆ ಎಂಬುದನ್ನು ಅವರಿಗೆ ತೋರಿಸಿ. ಐಸಿಯುನಲ್ಲಿ ಮೊದಲ ಪರೀಕ್ಷೆಯ ವೇಳೆ ಮನೆಯವರೊಬ್ಬರು ಎರಡು ನಿಮಿಷ ಬಂದು ಕನ್ನಡದಲ್ಲಿ ಮಾತಾಡಿಸಲು ಅನುಮತಿ ಕೇಳಿ. ಒಳಗೆ ಬಿಡದಿದ್ದರೆ ಫೋನಿನಲ್ಲಾದರೂ ಆದೀತು. ಸಮ್ಮತಿ ಪತ್ರ ಮಲಯಾಳ ಅಥವಾ ಇಂಗ್ಲಿಷಿನಲ್ಲಿ ಇರುತ್ತದೆ. ಸಹಿ ಹಾಕುವ ಮೊದಲು ಯಾರಾದರೂ ಓದಿ ಕನ್ನಡದಲ್ಲಿ ಹೇಳಲಿ. ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ಜಗಳಕ್ಕೆ ಅಲ್ಲ, ನಯವಾಗಿ ಕೇಳಲು ಇದು ಸಾಕು.

ನಮ್ಮ ಕಡೆಯವರು ಮರೆಯದೆ ಹೇಳಬೇಕಾದ ಇನ್ನೊಂದು ವಿಷಯ ಸಿಕಲ್ ಸೆಲ್ ಕಾಯಿಲೆ. ವಯನಾಡಿನ ಬುಡಕಟ್ಟು ಸಮುದಾಯಗಳಲ್ಲಿ, ವಯನಾಡು ಚೆಟ್ಟಿಯವರಲ್ಲಿ ಇದು ಹೆಚ್ಚು. ರಕ್ತಕಣ ಕುಡುಗೋಲಿನಂತೆ ಬಾಗುವ ಈ ಕಾಯಿಲೆ ತಾನೇ ಲಕ್ವಕ್ಕೆ ಕಾರಣವಾಗಬಲ್ಲದು, ಮಕ್ಕಳಲ್ಲಿಯೂ. ಯಾವ ಅರಿವಳಿಕೆ ಕೊಟ್ಟರೂ ಇವರಿಗೆ ಮೈ ತಣ್ಣಗಾಗಬಾರದು, ನೀರಿನಂಶ ಇಳಿಯಬಾರದು, ಆಮ್ಲಜನಕ ತಗ್ಗಬಾರದು. ಕುಟುಂಬದಲ್ಲಿ ಯಾರಿಗಿದ್ದರೂ ಅರಿವಳಿಕೆ ವೈದ್ಯರಿಗೆ ತಿಳಿಸಿ. ತಿನ್ನುತ್ತಿರುವ ಕಷಾಯ, ನಾಟಿ ಮದ್ದು, ರಕ್ತ ತೆಳು ಮಾಡುವ ಮಾತ್ರೆ ಎಲ್ಲವನ್ನೂ ಹೇಳಿ. ಆಸ್ಪಿರಿನ್ ಅನ್ನು ಸಾಮಾನ್ಯವಾಗಿ ಈ ಆಪರೇಷನ್ನಿಗೆ ನಿಲ್ಲಿಸುವುದಿಲ್ಲ. ನೆರೆಮನೆಯವರ ಹಲ್ಲಿನ ಡಾಕ್ಟರು ನಿಲ್ಲಿಸಲು ಹೇಳಿದ್ದರೆಂದು ನೀವೂ ನಿಲ್ಲಿಸಬೇಡಿ, ಕೇಳಿ ಮಾಡಿ.

ಎಬ್ಬಿಸಿದ ಮೇಲೆ ಕಾಣುವ ಎಲ್ಲ ಲಕ್ಷಣವೂ ಲಕ್ವವಲ್ಲ ಎಂಬುದೂ ತಿಳಿದಿರಲಿ. ಕತ್ತಿನ ಇಂಜೆಕ್ಷನ್ ಆದವರಿಗೆ ಕೆಲ ಗಂಟೆ ದನಿ ಒಡೆದಂತಿರಬಹುದು, ಆ ಕಡೆಯ ರೆಪ್ಪೆ ಜೋತು ಕಣ್ಣಪಾಪೆ ಸಣ್ಣದಾಗಬಹುದು. ಮದ್ದು ಇಳಿದ ಹಾಗೆ ಸರಿಯಾಗುತ್ತದೆ. ಆಪರೇಷನ್ ಜಾಗದಲ್ಲಿ ಹಾಯುವ ನರಕ್ಕೆ ಎಳೆತ ಬಿದ್ದರೆ ತುಟಿಯ ಮೂಲೆ ಇಳಿಯುವುದು, ನಾಲಗೆ ಒಂದು ಕಡೆ ವಾಲುವುದು, ದನಿ ಗೊಗ್ಗರಾಗುವುದು ಯಾವ ಅರಿವಳಿಕೆಯಲ್ಲೂ ಆಗಬಹುದು, ಹೆಚ್ಚಿನವು ವಾರ ತಿಂಗಳುಗಳಲ್ಲಿ ಮರಳುತ್ತವೆ. ದವಡೆ, ಕಿವಿಯ ಹಾಲೆ ಮರಗಟ್ಟಿರುವುದು ಇನ್ನೂ ಕೆಲ ಕಾಲ ಇರುತ್ತದೆ, ಕ್ಷೌರ ಮಾಡುವಾಗ ಜೋಪಾನ. ಆದರೆ ಯಾವುದು ಯಾವುದೆಂದು ನಿರ್ಧರಿಸುವುದು ವೈದ್ಯರ ಕೆಲಸ. ಕಂಡದ್ದನ್ನು ಕಂಡಾಗಲೇ ಹೇಳುವುದು ನಮ್ಮ ಕೆಲಸ. ಕತ್ತು ಬೇಗ ಬೇಗ ಊದಿ ಉಸಿರಿಗೆ ಕಷ್ಟವಾದರೆ ನಿಮಿಷವೂ ತಡ ಬೇಡ.

ಮನೆಗೆ ಬಂದ ಮೇಲೆ ಮುಖ್ಯ ಶತ್ರು ರಕ್ತದೊತ್ತಡ. ಎಷ್ಟೋ ವರ್ಷ ಕಡಿಮೆ ರಕ್ತಕ್ಕೆ ಒಗ್ಗಿದ್ದ ಮಿದುಳಿಗೆ ಒಮ್ಮೆಗೇ ತುಂಬು ಹರಿವು ಬಂದಾಗ ಕೆಲವರಲ್ಲಿ ಅದು ತಡೆಯಲಾರದೆ ಊದಿಕೊಳ್ಳುತ್ತದೆ, ರಕ್ತಸ್ರಾವವೂ ಆಗಬಹುದು. ಆಪರೇಷನ್ ಆದ ಕಡೆಯೇ ಜೋರಾದ ತಲೆನೋವು, ಕಣ್ಣು ಮಂಜು, ಫಿಟ್ಸ್ ಇದರ ಗುರುತು. ಇದು ಮೊದಲ ವಾರದಲ್ಲಿ ಹೆಚ್ಚು, ತಿಂಗಳವರೆಗೂ ಬರಬಹುದು. ಅಷ್ಟರಲ್ಲಿ ರೋಗಿ ತೃಶ್ಶಿಲೇರಿಗೆ ಮರಳಿರುತ್ತಾರೆ. ತಲೆನೋವಿನ ಮಾತ್ರೆ ನುಂಗಿ ಮಲಗುವ ಸಂದರ್ಭ ಇದಲ್ಲ. ಮೈಸೂರಿನಲ್ಲಿ ಆಪರೇಷನ್ ಆಗಿದ್ದರೂ ಆಗ ಮೊದಲು ಹೋಗಬೇಕಾದ್ದು ಮಾನಂದವಾಡಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ. ಬಾವಲಿ ಕಡೆಯ ಕಾಡು ರಸ್ತೆ ಸಂಜೆ ಆರಕ್ಕೆ ಮುಚ್ಚಿದರೆ ಬೆಳಿಗ್ಗೆ ಆರಕ್ಕೇ ತೆರೆಯುವುದು ಎಂಬುದು ನಿಮಗೆ ನಾವು ಹೇಳಬೇಕಾದ್ದಿಲ್ಲ. ಕೋಳಿಕ್ಕೋಡಿಗೆ ಇಳಿಯುವುದಾದರೆ ತಾಮರಶ್ಶೇರಿ ಚುರದ ಒಂಬತ್ತು ತಿರುವು. 108 ಸಂಖ್ಯೆ ಎರಡೂ ರಾಜ್ಯದಲ್ಲಿ ಒಂದೇ. ಬಿಡುಗಡೆ ಚೀಟಿಯ ಒಂದು ಜೆರಾಕ್ಸ್ ಪ್ರತಿ ಮತ್ತು ಅದರ ಫೋಟೊ ಮನೆಯವರ ಮೊಬೈಲಿನಲ್ಲಿ ಇರಲಿ. ಯಾವ ದಿನ, ಯಾವ ಕಡೆ, ಯಾವ ಅರಿವಳಿಕೆ, ಬಿ.ಪಿ. ಎಷ್ಟರೊಳಗೆ ಇರಬೇಕು ಎಂಬ ನಾಲ್ಕು ವಿವರ ಅದರಲ್ಲಿ ಇದೆಯೇ ಎಂದು ಆಸ್ಪತ್ರೆ ಬಿಡುವ ಮೊದಲೇ ನೋಡಿಕೊಳ್ಳಿ.

ಮಾತು ಹೋದವರಿಗೆ ಮಾತು ಕಲಿಸುವ ಚಿಕಿತ್ಸೆಯೂ ಮನೆಮಾತಿನಲ್ಲಿ ನಡೆದರೆ ಒಳ್ಳೆಯದು. ಅದಕ್ಕೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಅಭ್ಯಾಸ ಮಾಡಿಸುತ್ತಾರೆ. ಮಿದುಳಿನ ರೋಗಗಳಿಗೆ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗಳ ಹೆಸರು ಎಲ್ಲರಿಗೂ ಗೊತ್ತಿರುವುದೇ.

ಸಂಘದ ವತಿಯಿಂದ ಒಂದು ಸಣ್ಣ ಕಾರ್ಡ್ ಸಿದ್ಧಪಡಿಸಿದ್ದೇವೆ. ಒಂದು ಬದಿಯಲ್ಲಿ ಕನ್ನಡ, ಇನ್ನೊಂದು ಬದಿಯಲ್ಲಿ ಮಲಯಾಳ ಲಿಪಿಯಲ್ಲಿ ಅದೇ ಕನ್ನಡದ ಉಚ್ಚಾರ, ಕೆಳಗೆ ಮಲಯಾಳದ ಅರ್ಥ. ದಾದಿಯರು ಓದಿ ಹೇಳಿದರೆ ರೋಗಿಗೆ ಕನ್ನಡವೇ ಕೇಳಬೇಕು ಎಂಬ ಲೆಕ್ಕ. ಕಣ್ಣು ಬಿಡಿ, ಕೈ ಗಟ್ಟಿಯಾಗಿ ಹಿಂಡಿ, ಎರಡೂ ಕೈ ಎತ್ತಿ, ನಾಲಗೆ ಹೊರಚಾಚಿ, ಹಲ್ಲು ತೋರಿಸಿ, ಒಂದರಿಂದ ಹತ್ತು ಎಣಿಸಿ, ನಿಮ್ಮ ಹೆಸರೇನು, ಇವರು ಯಾರು, ತಲೆನೋವಿದೆಯೇ, ಜೋಮು ಹಿಡಿದಿದೆಯೇ: ಹತ್ತೇ ಮಾತು. ಮಾನಂದವಾಡಿಯ ದಾದಿಯೊಬ್ಬರು ಓದಿ ನೋಡಿ, ಹೊರಚಾಚಿ ಎಂಬುದು ನಾಲಗೆಗೆ ತೊಡಕು, ನಾಲಗೆ ತೋರಿಸಿ ಎಂದರೆ ಸಾಲದೇ ಎಂದರು. ಹಾಗೇ ತಿದ್ದಿದ್ದೇವೆ. ಗೂಡಲೂರಿನವರು ತಮಿಳು ಲಿಪಿಯಲ್ಲೂ ಬೇಕೆಂದಿದ್ದಾರೆ. ತಮಿಳು ಅಕ್ಷರ ಚೆನ್ನಾಗಿ ಬಲ್ಲ ಸದಸ್ಯರು ಮುಂದೆ ಬಂದರೆ ಅದನ್ನೂ ಮಾಡೋಣ. ಕಾರ್ಡು ಬೇಕಾದವರು ಮುಂದಿನ ಕೂಟದಲ್ಲಿ ಪಡೆಯಬಹುದು. ಕೂಟಕ್ಕೆ ಬರಲಾಗದ ಹಿರಿಯರ ಮನೆಗಳಿಗೆ ಆಯಾ ಊರಿನ ಪ್ರತಿನಿಧಿಗಳು ತಲುಪಿಸತಕ್ಕದ್ದು.

ಇತಿ,
ಕಾರ್ಯದರ್ಶಿ